ಸ್ತ್ರೀಯರೂ ಸ್ವಂತ ಉದ್ಯಮವೂ

ಪ್ರತಿ ವರ್ಷ ಶಾಲೆಯು ತೆರೆಯುವ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಗಳು ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: ಇಲ್ಲಿ ಕಲಿತರೆ ಮುಂದೆ ನಮ್ಮ ಹುಡುಗಿಗೆ ಯಾವ ನೌಕರಿ ಸಿಕ್ಕೀತು? ಶಿಕ್ಷಕಿ, ದಾದಿ, ಕಛೇರಿಯ ಗುಮಾಸ್ತೆ ಎಂದು ನಾವು ವಾಡಿಕೆಯ ಉತ್ತರವನ್ನು ಕೊಡುತ್ತಿದ್ದೆವು. ಒಮ್ಮೆ ಸಾಂಬ್ರಾಣಿಯ ಕಡೆಯಿಂದ ಬಂದಿದ್ದ ರೈತರೊಬ್ಬರು ಈ ಉತ್ತರವನ್ನು ಸಮಾಧಾನದಿಂದ ಕೇಳಿ, "ಎಲ್ಲಾರೂ ನೌಕರಿ ಮಾಡೋರೇ ಆದ್ರ, ನೌಕರಿ ಕೊಡೋರು ಯಾರ್ರೀ ಅಕ್ಕಾರ?" ಎಂದರು. ನಮಗೆ ಆಗ ತಕ್ಕ ಉತ್ತರವು ಹೊಳೆಯಲಿಲ್ಲ. ಈ ಸ್ಮರಣ ಸಂಚಿಕೆಯ ನಿಮಿತ್ತದಿಂದ ಆ ಹಿರಿಯರಿಗೆ ಸಲ್ಲಬೇಕಾದ ಉತ್ತರವನ್ನು, ತಡವಾಗಿಯಾದರೂ, ಬರೆಯಲು ಯತ್ನಿಸುತ್ತೇವೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ದುಡಿಯುವ ಹೆಂಗಸರು ನಮ್ಮ ಸೀಮೆಗೆ ಹೊಸಬರಲ್ಲ. ಹಳಿಯಾಳ ತಾಲೂಕಿನ ಯಾವ ಊರಿಗೆ ಹೋದರೂ ನಾಟಿ, ಕಳೆ, ಕುಯ್ಲುಗಳಲ್ಲಿ ಹೆಣ್ಣಾಳುಗಳೇ ಮುಂದು. ಹಪ್ಪಳ, ಶ್ಯಾವಿಗೆ, ಉಪ್ಪಿನಕಾಯಿಗಳು ಅವರ ಕೈಯಿಂದಲೇ ಆಗತಕ್ಕವು. ಆದರೆ ದುಡಿಯುವುದು ಬೇರೆ, ಒಡೆತನ ಬೇರೆ. ಅಂಗಡಿಯೊಂದನ್ನು ಒಬ್ಬರೇ ನಡೆಸಿದರೆ ಅದರ ಲಾಭದಂತೆ ಸಾಲವೂ ಅವರ ಮನೆಮಾರುಗಳ ಮೇಲೆ ಬೀಳುವುದು. ಕಂಪನಿಯೆಂಬುದು ಹಾಗಲ್ಲ. ಕಾನೂನಿನ ದೃಷ್ಟಿಯಲ್ಲಿ ಅದು ತಾನೇ ಒಬ್ಬ ವ್ಯಕ್ತಿಯಿದ್ದಂತೆ. ಅದಕ್ಕೆ ತನ್ನದೇ ಹೆಸರು, ತನ್ನದೇ ಆಸ್ತಿ, ತನ್ನದೇ ಸಾಲ. ಅದರ ಬಂಡವಾಳವನ್ನು ಪಾಲುಗಳಾಗಿ ಅಂದರೆ ಷೇರುಗಳಾಗಿ ಒಡೆದಿರುತ್ತಾರೆ. ಹೆಚ್ಚು ಪಾಲು ಯಾರ ಹೆಸರಿನಲ್ಲಿರುವುದೋ ಅವರ ಮಾತು ನಡೆಯುವುದು. ಕಂಪನಿಯು ಮುಳುಗಿದರೆ ಪಾಲುದಾರಳು ತಾನು ಹಾಕಿದ ಹಣವನ್ನು ಕಳೆದುಕೊಳ್ಳುವಳೇ ಹೊರತು, ತಾನೇ ಬೇರೆ ಜಾಮೀನು ಬರೆದುಕೊಟ್ಟಿರದಿದ್ದರೆ, ಕೊರಳಿನ ಸರವನ್ನಲ್ಲ. 2013ರ ಕಂಪನಿ ಕಾನೂನು ಬಂದ ಮೇಲೆ ಒಬ್ಬಳೇ ವ್ಯಕ್ತಿ ಸೇರಿ ಒಂದು ಕಂಪನಿಯನ್ನು ಸ್ಥಾಪಿಸಲಿಕ್ಕೂ ಅವಕಾಶವಾಗಿದೆ.

ಕನ್ನಡ ನಾಡಿನಲ್ಲಿ ಹೆಣ್ಣೊಬ್ಬಳು ತನ್ನ ಹೆಸರಿನಲ್ಲಿಯೇ ವ್ಯವಹಾರಕ್ಕೆ ಕೈಹಾಕಿದ ಉದಾಹರಣೆಯು ನೂರು ವರ್ಷಕ್ಕೂ ಹಿಂದಿನದು. 1887ರಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ವಿಧವೆಯಾದ ನಂಜನಗೂಡು ತಿರುಮಲಾಂಬಾ ಅವರು 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ಪ್ರಾರಂಭಿಸಿ, ತಾವೇ ಬರೆದು, ತಾವೇ ಪ್ರಕಟಿಸಿದರು. ಅವರನ್ನು ನಾವು ಕಾದಂಬರಿಕಾರ್ತಿಯೆಂದು ಪಾಠದಲ್ಲಿ ಹೇಳುತ್ತೇವೆ. ಉದ್ಯಮಿಯೆಂದು ಹೇಳುವುದನ್ನು ಮರೆಯುತ್ತೇವೆ. ಕಾಗದ, ಅಚ್ಚು, ಅಂಚೆ, ವಸೂಲಿ ಇವೆಲ್ಲ ಇಲ್ಲದೆ ಪುಸ್ತಕವು ವಾಚಕರ ಕೈಸೇರುವುದೆಂತು?

ಆದರೆ ಸ್ವಂತ ಕಂಪನಿಯನ್ನು ಕಟ್ಟಿ ಲೋಕಪ್ರಸಿದ್ಧಿಗೆ ತಂದವರೆಂದರೆ ನಮ್ಮ ರಾಜ್ಯದಲ್ಲಿ ಮೊದಲು ನೆನಪಿಗೆ ಬರತಕ್ಕ ಹೆಸರು ಬಯೋಕಾನ್ ಸಂಸ್ಥೆಯ ಕಿರಣ್ ಮಜುಂದಾರ್ ಶಾ ಅವರದು. ಇವರ ಚರಿತ್ರೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಏಕೆಂದರೆ ಪತ್ರಿಕೆಗಳಲ್ಲಿ ಇವರ ಐಶ್ವರ್ಯದ ಅಂಕಿಗಳು ಬರುವಷ್ಟು, ಆ ಐಶ್ವರ್ಯಕ್ಕೆ ಮೊದಲು ಎಲ್ಲೆಲ್ಲಿ ಬಾಗಿಲು ಮುಚ್ಚಿತ್ತೆಂಬ ಸಂಗತಿ ಬರುವುದಿಲ್ಲ.

ಇವರು 1953ರಲ್ಲಿ ಬೆಂಗಳೂರಿನಲ್ಲಿ ಗುಜರಾತಿ ಮನೆಮಾತಿನ ಕುಟುಂಬದಲ್ಲಿ ಜನಿಸಿದರು. ನಮ್ಮದರಂತೆಯೇ ಕ್ರೈಸ್ತ ಆಡಳಿತದ ಬಿಷಪ್ ಕಾಟನ್ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿ 1968ರಲ್ಲಿ ಅಲ್ಲಿಂದ ತೇರ್ಗಡೆಯಾದರು. ಮುಂದೆ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಕಲಿತು, 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದ ಪದವಿಯನ್ನು ಪಡೆದರು. ವೈದ್ಯೆಯಾಗಬೇಕೆಂಬ ಆಸೆಯಿತ್ತು, ಅದು ಕೈಗೂಡಲಿಲ್ಲ. ತಂದೆಯಾದ ರಸೇಂದ್ರ ಮಜುಂದಾರ್ ಅವರು ಬಿಯರ್ ತಯಾರಿಸುವ ಕಂಪನಿಯೊಂದರಲ್ಲಿ ಪ್ರಧಾನ ತಜ್ಞರಾಗಿದ್ದರು. ಹುದುಗಿಸುವ ವಿದ್ಯೆಯನ್ನೇ ಶಾಸ್ತ್ರೀಯವಾಗಿ ಕಲಿಯಬಾರದೇಕೆ ಎಂದು ಅವರು ಮಗಳಿಗೆ ಸೂಚಿಸಿದರು. ಅದರಂತೆ ಆಸ್ಟ್ರೇಲಿಯಕ್ಕೆ ಹೋಗಿ, ತರಗತಿಯಲ್ಲಿ ಏಕಮಾತ್ರ ಹೆಣ್ಣಾಗಿದ್ದು, ಎಲ್ಲರಿಗಿಂತ ಮೊದಲಿಗರಾಗಿ ತೇರ್ಗಡೆ ಹೊಂದಿ, 1975ರಲ್ಲಿ ಪದವಿಯನ್ನು ಗಳಿಸಿದರು.

ಬಿಯರಿನ ಪ್ರಸ್ತಾಪವು ಶಾಲೆಯ ಸಂಚಿಕೆಯಲ್ಲಿ ಬಂದಿತೆಂದು ಹುಬ್ಬು ಗಂಟಿಕ್ಕುವ ಪೋಷಕರಲ್ಲಿ ಒಂದು ವಿಜ್ಞಾಪನೆ. ನಾವು ಮದ್ಯವನ್ನು ಹೊಗಳಲು ಹೊರಟಿಲ್ಲ. ಧಾನ್ಯವನ್ನು ನೆನೆಯಿಸಿ, ಮೊಳಕೆ ಬರಿಸಿ, ಒಣಗಿಸುವುದೇ ಆ ವಿದ್ಯೆಯ ಮೊದಲ ಪಾಠ. ಕೂಸಿಗೆ ಮೊಳಕೆ ರಾಗಿಯ ಹಿಟ್ಟನ್ನು ಸಿದ್ಧಪಡಿಸುವ ಅಜ್ಜಿಯೂ ಅದನ್ನೇ ಮಾಡುವಳು. ಮೊಳೆಯುವ ಕಾಳಿನೊಳಗೆ ಕಿಣ್ವಗಳೆಂಬ ಪದಾರ್ಥಗಳು ಹುಟ್ಟಿ, ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ತಾವು ವ್ಯಯವಾಗದೆ ಇತರ ಪದಾರ್ಥಗಳನ್ನು ಒಡೆಯುವ ಅಥವಾ ಜೋಡಿಸುವ ಶಕ್ತಿಯು ಈ ಕಿಣ್ವಗಳಿಗುಂಟು. ಇವುಗಳ ಜ್ಞಾನವೇ ಮುಂದೆ ಈ ಮಹಿಳೆಯ ನಿಜವಾದ ಬಂಡವಾಳವಾಯಿತು.

ಸ್ವದೇಶಕ್ಕೆ ಮರಳಿದ ಮೇಲೆ ಇವರು ಕಲ್ಕತ್ತೆಯಲ್ಲಿಯೂ ಬರೋಡೆಯಲ್ಲಿಯೂ ಸ್ವಲ್ಪಕಾಲ ತಾಂತ್ರಿಕ ಕೆಲಸವನ್ನು ಮಾಡಿದರು. ಆದರೆ ಪ್ರಧಾನ ತಜ್ಞರ ಹುದ್ದೆಯನ್ನು ಕೇಳಿದಲ್ಲೆಲ್ಲ ಅದು ಗಂಡಸರ ಕೆಲಸವೆಂಬ ಉತ್ತರವೇ ದೊರೆಯಿತು. ಕಲಿತ ವಿದ್ಯೆಯಲ್ಲಿ ಕೊರತೆಯಿಲ್ಲ, ಅನುಭವವೂ ಉಂಟು, ಆದರೂ ಹುದ್ದೆಯಿಲ್ಲ. ಇಂತಿರಲಾಗಿ ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ಬಯೋಕಾನ್ ಬಯೋಕೆಮಿಕಲ್ಸ್ ಎಂಬ ಕಿಣ್ವಗಳ ಕಂಪನಿಯನ್ನು ಸ್ಥಾಪಿಸಿದ್ದ ಲೆಸ್ಲಿ ಆಕಿನ್‌ಕ್ಲಾಸ್ ಎಂಬವರ ಪರಿಚಯವಾಯಿತು. ಅವರಿಗೆ ಭಾರತದಲ್ಲೊಂದು ಶಾಖೆಯನ್ನು ನಡೆಸತಕ್ಕ ಪಾಲುದಾರರು ಬೇಕಾಗಿದ್ದರು. 1978ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಕಿರಣ್ ಅವರು ಬೆಂಗಳೂರಿನ ಬಾಡಿಗೆ ಮನೆಯೊಂದರ ಮೋಟಾರು ಗ್ಯಾರೇಜಿನಲ್ಲಿ 10,000 ರೂಪಾಯಿಗಳ ಮೂಲಧನದಿಂದ ಬಯೋಕಾನ್ ಇಂಡಿಯಾವನ್ನು ಪ್ರಾರಂಭಿಸಿದರು.

ಇಲ್ಲಿ ನಮ್ಮ ವಾಚಕರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಆ ಕಾಲದ ಕಾನೂನು ವಿದೇಶೀಯರ ಪಾಲಿಗೆ ಮಿತಿಯನ್ನು ಹಾಕಿತ್ತು. ಅದರ ದೆಸೆಯಿಂದ ಐರಿಷ್ ಕಂಪನಿಗೆ ನೂರಕ್ಕೆ 30 ಪಾಲುಗಳೂ ಈ ತರುಣಿಗೆ ನೂರಕ್ಕೆ 70 ಪಾಲುಗಳೂ ಆದುವು. ವಿದೇಶೀ ಶಾಖೆಯ ವ್ಯವಸ್ಥಾಪಕಿಯಾಗಿ ಸಂಬಳ ಪಡೆಯಬಹುದಾಗಿದ್ದವರು ಕಾನೂನಿನ ಒಂದು ಕಲಮಿನಿಂದ ಒಡತಿಯಾದರು. ದೈವವಶದಿಂದ ಬಂದ ಈ ಒಡೆತನವನ್ನು ಅವರು ಕೈಬಿಡಲಿಲ್ಲವೆಂಬುದೇ ಈ ಚರಿತ್ರೆಯ ಮರ್ಮವೆಂದು ನಮ್ಮ ಅಭಿಪ್ರಾಯ.

ಮೊದಲು ತಯಾರಿಸಿದ ಸರಕುಗಳು ಎರಡು. ಒಂದು, ಕೆಲವು ಜಾತಿಯ ಮೀನುಗಳ ಒಡಲೊಳಗಿನ ಗಾಳಿಚೀಲದಿಂದ ತೆಗೆಯುವ, ಪಾನೀಯಗಳನ್ನು ತಿಳಿಗೊಳಿಸುವ ಅಂಟಿನಂಥ ವಸ್ತು. ಎರಡನೆಯದು ಪಪ್ಪಾಯಿಯ ಹಾಲಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವ. ಪಪ್ಪಾಯಿ ಗಿಡವಿಲ್ಲದ ಹಿತ್ತಿಲು ಸಾಂಬ್ರಾಣಿಯಲ್ಲಾಗಲಿ ಅದರ ಸುತ್ತಣ ಹಳ್ಳಿಗಳಲ್ಲಾಗಲಿ ಅಪರೂಪ. ಹಸಿಯ ಕಾಯನ್ನು ಗೀರಿದರೆ ಸುರಿಯುವ ಹಾಲು ಕೈಗೆ ತಗಲಿದರೆ ತುರಿಸುವುದೆಂದು ನಮ್ಮ ಹುಡುಗಿಯರೆಲ್ಲರೂ ಬಲ್ಲರು. ಬಲಿತ ಮಾಂಸವನ್ನು ಬೇಗ ಬೇಯಿಸಲು ಹಸಿ ಪಪ್ಪಾಯಿಯ ತುಂಡನ್ನು ಹಾಕಬೇಕೆಂದು ಅವರ ತಾಯಂದಿರೂ ಬಲ್ಲರು. ಎರಡಕ್ಕೂ ಕಾರಣ ಒಂದೇ. ಆ ಹಾಲಿನಲ್ಲಿರುವ ಕಿಣ್ವವು ಮಾಂಸದಲ್ಲಿರುವ ಪ್ರೋಟೀನನ್ನು ತುಂಡರಿಸುವುದು. ಬೆಳಗಿನ ಹೊತ್ತು ಎಳೆಯ ಕಾಯ ಮೈಯನ್ನು ಹರಿತವಾದ ಅಲಗಿನಿಂದ ತೆಳ್ಳಗೆ ಗೀರಿ, ಹಾಲನ್ನು ಕಬ್ಬಿಣ ತಾಗದ ಪಾತ್ರೆಯಲ್ಲಿ ಹಿಡಿದು, ಹೆಚ್ಚು ಕಾವು ತಗಲದಂತೆ ಒಣಗಿಸಿ ಪುಡಿಮಾಡುತ್ತಾರೆ. ಕಾವು ಮಿತಿಮೀರಿದರೆ ಕಿಣ್ವದ ಶಕ್ತಿಯೇ ನಾಶವಾಗುವುದು. ಬಿಯರ್ ತಣ್ಣಗಾದಾಗ ಅದರಲ್ಲಿನ ಪ್ರೋಟೀನಿನಿಂದ ಮಬ್ಬು ಕವಿಯುತ್ತದೆ. ಆ ಮಬ್ಬನ್ನು ಈ ಪುಡಿಯು ತಡೆಯುವುದರಿಂದ ಪಾಶ್ಚಾತ್ಯ ದೇಶಗಳಲ್ಲಿ ಅದಕ್ಕೆ ಗಿರಾಕಿಯಿತ್ತು. ಒಂದು ವರ್ಷದೊಳಗಾಗಿ ಬಯೋಕಾನ್ ತನ್ನ ಕಿಣ್ವಗಳನ್ನು ಅಮೆರಿಕಕ್ಕೂ ಯೂರೋಪಿಗೂ ರವಾನಿಸಿತು.

ಹಿತ್ತಿಲ ಗಿಡ ಎಲ್ಲರಲ್ಲಿಯೂ ಉಂಟು, ಅದರ ಗುಣವನ್ನು ಬಲ್ಲವರೂ ಉಂಟು. ಅದನ್ನು ಕೊಳ್ಳುವವರು ಎಲ್ಲಿದ್ದಾರೆ, ಅವರಿಗೆ ಯಾವ ಗುಣಮಟ್ಟದ ಪುಡಿ ಬೇಕು, ಎಷ್ಟು ಬೇಕು, ಯಾವ ತಾರೀಖಿಗೆ ಬೇಕು ಎಂದು ತಿಳಿಯುವಲ್ಲಿಂದ ಉದ್ಯಮವು ಪ್ರಾರಂಭವಾಗುವುದು. ಐರಿಷ್ ಕಂಪನಿಯ ಮೂಲಕ ಈ ತಿಳಿವಳಿಕೆಯು ಕಿರಣ್ ಅವರಿಗೆ ದೊರೆತಿತ್ತು.

ಆದರೂ ಹಣವು ಸುಲಭವಾಗಿ ದೊರೆಯಲಿಲ್ಲ. ಸಾಲ ಕೇಳಲು ಹೋದಾಗ ಬ್ಯಾಂಕಿನವರು ಈಕೆಯ ವಯಸ್ಸನ್ನು ನೋಡಿದರು, ಹೆಣ್ಣೆಂಬುದನ್ನು ನೋಡಿದರು, ತಮಗೆ ಅರ್ಥವಾಗದ ವ್ಯಾಪಾರವನ್ನು ನೋಡಿದರು; ತಂದೆಯ ಜಾಮೀನನ್ನು ತನ್ನಿರಿ ಎಂದರು. ಕೊನೆಗೆ ಒಂದು ಸಮಾರಂಭದಲ್ಲಿ ಅಕಸ್ಮಾತ್ ಭೇಟಿಯಾದ ಬ್ಯಾಂಕ್ ಅಧಿಕಾರಿಯೊಬ್ಬರು ಧೈರ್ಯಮಾಡಿ ಸಾಲ ಕೊಡಿಸಿದರು. ಹೆಣ್ಣೊಬ್ಬಳ ಕೈಕೆಳಗೆ, ಹೆಸರಿಲ್ಲದ ಕಂಪನಿಯಲ್ಲಿ, ಕೆಲಸಕ್ಕೆ ಬರುವವರೂ ವಿರಳವಾಗಿದ್ದರು. ಮೊದಲ ನೌಕರನು ನಿವೃತ್ತನಾದ ಒಬ್ಬ ಮೋಟಾರು ಮೆಕ್ಯಾನಿಕ್. ವಿದ್ಯುಚ್ಛಕ್ತಿ ನಿಂತು ನಿಂತು ಬರುವುದು. ಶುದ್ಧವಾದ ನೀರು ದೊರೆಯದು. ಯಂತ್ರಗಳನ್ನು ಪರದೇಶದಿಂದ ತರಿಸಬೇಕು. ಇಷ್ಟೆಲ್ಲ ಇದ್ದಾಗ್ಯೂ ಮೊದಲ ವರ್ಷದ ಗಳಿಕೆಯನ್ನು ಉಟ್ಟುತೊಟ್ಟು ಕಳೆಯದೆ, ಮುಂದಿನ ವಿಸ್ತರಣೆಗಾಗಿ 20 ಎಕರೆ ಜಮೀನನ್ನು ಕೊಂಡರು. ಗ್ಯಾರೇಜಿನಲ್ಲಿ ಕುಳಿತವರು 20 ಎಕರೆ ಕೊಂಡದ್ದನ್ನು ಅಂದು ಕೆಲವರು ಹುಚ್ಚೆಂದಿರಲೂಬಹುದು.

ಮುಂದಿನ ಬೆಳವಣಿಗೆಯನ್ನು ಸಂಗ್ರಹವಾಗಿ ಹೇಳುತ್ತೇವೆ. 1987ರಲ್ಲಿ ಐಸಿಐಸಿಐ ಸಂಸ್ಥೆಯ ನಾರಾಯಣನ್ ವಾಘುಲ್ ಅವರ ಬೆಂಬಲದಿಂದ 2,50,000 ಡಾಲರುಗಳ ಸಾಹಸ ಬಂಡವಾಳವು ಒದಗಿ, ಸಂಶೋಧನೆಗೆ ಅನುಕೂಲವಾಯಿತು. ಜಪಾನೀಯರು ಅನ್ನದಂಥ ಗಟ್ಟಿ ಪದಾರ್ಥದ ಮೇಲೆಯೇ ಬೂಷ್ಟನ್ನು ಬೆಳೆಯಿಸಿ ಹುದುಗಿಸುವ ಪದ್ಧತಿಯಿಂದ ಪ್ರೇರಣೆ ಪಡೆದು ಹೊಸ ಕಾರ್ಖಾನೆಯನ್ನು ಕಟ್ಟಿದರು. 1989ರಲ್ಲಿ ಐರ್ಲೆಂಡಿನ ಮೂಲ ಕಂಪನಿಯನ್ನು ಯೂನಿಲಿವರ್ ಕೊಂಡುಕೊಂಡಿತು. ಅದೇ ವರ್ಷ ಇವರಿಗೆ ಪದ್ಮಶ್ರೀ ಪ್ರಶಸ್ತಿಯೂ ಸಂದಿತು. ಯೂನಿಲಿವರ್ ಮುಂದೆ ಆ ವ್ಯವಹಾರವನ್ನು ಐಸಿಐ ಎಂಬ ಬ್ರಿಟಿಷ್ ಕಂಪನಿಗೆ ಮಾರಿತು. ಒಡೆತನವು ಹೀಗೆ ಪರರ ಕೈಯಿಂದ ಕೈಗೆ ಸಾಗುತ್ತಿರುವಾಗ ಬೆಂಗಳೂರಿನ ಕಂಪನಿಯ ಗತಿಯೇನು? 1998ರಲ್ಲಿ, ಇವರನ್ನು ವಿವಾಹವಾಗಲಿದ್ದ ಜಾನ್ ಶಾ ಅವರು 20 ಲಕ್ಷ ಡಾಲರುಗಳನ್ನು ಒದಗಿಸಿ, ಹೊರಗಿನವರಲ್ಲಿ ಉಳಿದಿದ್ದ ಪಾಲುಗಳನ್ನು ಬಿಡಿಸಿಕೊಂಡರು. ಗಂಡಂದಿರಾಗುವವರಲ್ಲಿ ಇಂಥವರೂ ಉಂಟೆಂಬುದನ್ನು ನಮ್ಮ ಪೂರ್ವವಿದ್ಯಾರ್ಥಿನಿಯರು ನೆನಪಿನಲ್ಲಿಡಲಿ. ಆ ಬಳಿಕ ಸಂಸ್ಥೆಯು ಕಿಣ್ವಗಳಿಂದ ಔಷಧಗಳ ಕಡೆಗೆ ತಿರುಗಿತು. ಒಂದು ಬಗೆಯ ಯೀಸ್ಟಿನಿಂದ ಮಾನವ ಇನ್ಸುಲಿನ್ನನ್ನು ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಕಂಪನಿಯ ಪಾಲುಗಳನ್ನು ಸಾರ್ವಜನಿಕರಿಗೆ ಮಾರಲು ತೆರೆದಾಗ, ಮಾರಾಟಕ್ಕಿದ್ದುದರ 33 ಪಾಲು ಬೇಡಿಕೆ ಬಂದಿತು. ಪೇಟೆಯಲ್ಲಿ ಮೊದಲ ದಿನವೇ ಸಂಸ್ಥೆಯ ಬೆಲೆ ನೂರು ಕೋಟಿ ಡಾಲರುಗಳನ್ನು ಮೀರಿತು. 2005ರಲ್ಲಿ ಪದ್ಮಭೂಷಣ ದೊರೆಯಿತು. ಯಾವ ಕಿಣ್ವಗಳಿಂದ ಪ್ರಾರಂಭವಾಯಿತೋ ಆ ಕಿಣ್ವಗಳ ವ್ಯವಹಾರವನ್ನೇ 2007ರಲ್ಲಿ ಡೆನ್ಮಾರ್ಕಿನ ನೊವೊಜೈಮ್ಸ್ ಕಂಪನಿಗೆ ಮಾರಿದರು. ಹಳೆಯದೆಂಬ ಮಮತೆಗೆ ಕಟ್ಟುಬೀಳದ ಈ ಗುಣವು ನಮಗೆ ಸ್ವಲ್ಪ ಕಠಿಣವಾಗಿಯೇ ತೋರಿತು. ವ್ಯಾಪಾರಸ್ಥರು ಅದನ್ನು ಮೆಚ್ಚುವರೆಂದು ಕೇಳಿದ್ದೇವೆ.

ಎಲ್ಲರಿಗೂ ಆಸ್ಟ್ರೇಲಿಯದ ವಿದ್ಯೆ ದೊರೆಯಲಾರದು, ವಿದ್ಯಾವಂತ ತಂದೆಯೂ ದೊರೆಯಲಾರನು ಎಂದು ಹೇಳುವವರು ಇರುವರು. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ಪಡೆದು, ವಠಾರದ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲು ಕುಳಿತರು. ಮೊದಲ ದಿನ ಆದದ್ದು ನಾಲ್ಕು ಕಟ್ಟು. ಅದೇ ಇಂದಿನ ಲಿಜ್ಜತ್. ಅದು ಒಬ್ಬರ ಕಂಪನಿಯಲ್ಲ. ಲಟ್ಟಿಸುವ ಸಾವಿರಾರು ಸೋದರಿಯರೇ ಅದಕ್ಕೆ ಒಡತಿಯರು. ದಾರಿ ಬೇರೆಯಾದರೂ ಒಡೆತನವನ್ನು ಬಿಟ್ಟುಕೊಡದಿರುವ ವಿಷಯದಲ್ಲಿ ಇವರೂ ಬೆಂಗಳೂರಿನವರೂ ಒಂದೇ.

ಈಗ ಮನೆಯ ಹತ್ತಿರಕ್ಕೆ ಬರೋಣ. ಸಾಂಬ್ರಾಣಿಯೆಂದೊಡನೆ ಪರಸ್ಥಳದವರಿಗೆ ಧೂಪವು ನೆನಪಿಗೆ ಬರುವುದು. ಬಲ್ಲವರಿಗೆ ಸಿದ್ದಿಯರ ಕೌದಿ ನೆನಪಿಗೆ ಬರಬೇಕು. ಹಳಿಯಾಳ, ಮುಂಡಗೋಡ, ಯಲ್ಲಾಪುರ ತಾಲೂಕುಗಳ ಸಿದ್ದಿ ಹೆಂಗಸರು ಹಳೆಯ ಸೀರೆ, ಲಂಗ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹೊಲಿಯತೊಡಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಚಿ 'ಫೂಲ' ಎಂಬ ಹೂವನ್ನು ಕೂರಿಸದಿದ್ದರೆ ಕೌದಿಯು ಪೂರ್ತಿಯಾಗಲಿಲ್ಲವೆಂದೇ ಅವರ ಎಣಿಕೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರುವಾಲ್ ಅವರು ಈ ಕೌದಿಗಳನ್ನು ಅಭ್ಯಸಿಸಿ ತಮ್ಮ ದೇಶದಲ್ಲಿ ಪ್ರದರ್ಶಿಸಿದ್ದಾರೆ. ಕೌದಿ ಹೊಲಿಯುವವರ ಸಹಕಾರ ಕೂಟವೂ ಏರ್ಪಟ್ಟಿತು. ಕಸುಬಿದೆ, ಕೀರ್ತಿಯೂ ಬಂದಿದೆ. ಆದರೆ ತಿಂಗಳುಗಟ್ಟಲೆ ಹೊಲಿದವಳು ಬೆಲೆಯನ್ನು ತಾನೇ ಹೇಳುವಳೇ, ಕೊಳ್ಳುವವರ ವಿಳಾಸವು ಅವಳ ಬಳಿ ಇರುವುದೇ ಎಂದು ನಾವು ಯಾವ ಕೌದಿಯನ್ನು ಕಂಡಾಗಲೂ ಯೋಚಿಸುತ್ತೇವೆ.

ನಮ್ಮ ಪೂರ್ವವಿದ್ಯಾರ್ಥಿನಿಯೊಬ್ಬಳ ಸಂಗತಿಯನ್ನು, ಹೆಸರು ಹೇಳದೆ, ಇಲ್ಲಿ ಬರೆಯುತ್ತೇವೆ. ಅವಳು ಶ್ಯಾವಿಗೆಯ ಯಂತ್ರಕ್ಕಾಗಿ ಸಾಲ ಕೇಳಲು ಹೋದಳು. ಲೆಕ್ಕವೆಲ್ಲ ಸರಿಯಾಗಿತ್ತು; ಗಣಿತದಲ್ಲಿ ಅವಳು ಶಾಲೆಯಲ್ಲಿಯೇ ಗಟ್ಟಿಗಳಾಗಿದ್ದಳು. ಗಂಡನ ರುಜು ಬೇಕು, ಇಲ್ಲವೇ ಹೆಸರಿನಲ್ಲಿರುವ ಆಸ್ತಿಯ ಪತ್ರ ಬೇಕು ಎಂದರಂತೆ. ಗಂಡನು ಆ ದಿನಗಳಲ್ಲಿ ಗೋವೆಯಲ್ಲಿ ಕೂಲಿಗಿದ್ದನು. ಆಸ್ತಿಯೆಲ್ಲ ಅಣ್ಣತಮ್ಮಂದಿರ ಹೆಸರಿನಲ್ಲಿತ್ತು. ಮದುವೆಯಲ್ಲಿ ತಂದೆಯು ಅವಳಿಗಾಗಿ ಮಾಡಿದ ಖರ್ಚಿನಲ್ಲಿ ಅಂಥ ಯಂತ್ರಗಳು ಮೂರು ಬರುತ್ತಿದ್ದುವು. ಆದರೆ ಅದರಲ್ಲಿ ಒಂದು ಕಾಸೂ ಅವಳ ಹೆಸರಿನಲ್ಲಿ ಉಳಿದಿರಲಿಲ್ಲ. 1978ರ ಬೆಂಗಳೂರಿನಲ್ಲಿ ಕೇಳಿದ ಪ್ರಶ್ನೆಯು ಇಷ್ಟು ವರ್ಷಗಳ ತರುವಾಯ ನಮ್ಮ ಹುಡುಗಿಗೂ ಎದುರಾಯಿತು.

ಆದಕಾರಣ ಪೋಷಕರಲ್ಲಿ ನಮ್ಮ ಅರಿಕೆಯು ಹೆಚ್ಚಾಗಿ ಆಸ್ತಿಯ ವಿಷಯವಾಗಿದೆ. ಉಯಿಲು ಬರೆಯದೆ ತೀರಿಕೊಂಡವರ ಆಸ್ತಿಯಲ್ಲಿ ಕ್ರೈಸ್ತ ಕುಟುಂಬದ ಮಗಳಿಗೆ ಮಗನಷ್ಟೇ ಪಾಲೆಂದು 1925ರ ಭಾರತೀಯ ಉತ್ತರಾಧಿಕಾರ ಕಾನೂನು ಹೇಳುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದ ಬರುವ ಹಕ್ಕನ್ನು ಕರ್ನಾಟಕವು 1994ರಲ್ಲಿಯೂ ಇಡೀ ದೇಶವು 2005ರಲ್ಲಿಯೂ ಒಪ್ಪಿತು. ಕಾನೂನು ಕೊಟ್ಟುದನ್ನು 'ಅಣ್ಣನ ಮನೆಯ ದಾರಿ ಮುಚ್ಚಬಾರದು' ಎಂದು ಹೆಣ್ಣುಮಕ್ಕಳಿಂದ ಬಿಡುಗಡೆ ಪತ್ರ ಬರೆಯಿಸಿಕೊಳ್ಳುವ ವಾಡಿಕೆಯನ್ನು ನಾವು ಎಲ್ಲ ಮತದವರಲ್ಲಿಯೂ ಕಂಡಿದ್ದೇವೆ. ಹಾಗೆ ರುಜು ಹಾಕಿದ ದಿನವೇ ಅವಳ ಮುಂದಿನ ಸಾಲದ ಅರ್ಜಿಯೂ ಅರ್ಧ ತಿರಸ್ಕೃತವಾದಂತಾಯಿತು. ಎರಡು ಗುಂಟೆ ಜಾಗವಾದರೂ, ಚಿಕ್ಕ ಠೇವಣಿಯಾದರೂ, ಅವಳ ಹೆಸರಿನಲ್ಲಿರಲಿ; ಖಾತೆಯನ್ನು ಅವಳೇ ನಡೆಸಲಿ.

ಆಸ್ತಿಯಿಲ್ಲದವರಿಗೆ ದಾರಿಯೇ ಇಲ್ಲವೆಂದಲ್ಲ. ಅಡವಿಲ್ಲದೆ ಸಣ್ಣ ಸಾಲ ಕೊಡುವ ಮುದ್ರಾ ಯೋಜನೆಯು 2015ರಲ್ಲಿ ಪ್ರಾರಂಭವಾಯಿತು. ಸಣ್ಣ ಉದ್ಯಮವನ್ನು ಸರಕಾರದ ದಾಖಲೆಗೆ ಸೇರಿಸುವ 'ಉದ್ಯಮ್' ನೋಂದಣಿಯು 2020ರಿಂದ ನಡೆದಿದ್ದು, ಅದಕ್ಕೆ ಶುಲ್ಕವಿಲ್ಲ. ಶುಲ್ಕವುಂಟೆಂದು ಹೇಳಿ ಹಣ ಕೇಳುವ ಮಧ್ಯಸ್ಥರನ್ನು ನಂಬಲಾಗದು. ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳೇ ಕೂಡಿ 1983ರಲ್ಲಿ ಸ್ಥಾಪಿಸಿದ 'ಅವೇಕ್' ಎಂಬ ಸಂಘವು ಹೊಸಬರಿಗೆ ತರಬೇತಿಯನ್ನೂ ಸಲಹೆಯನ್ನೂ ಕೊಡುತ್ತ ಬಂದಿದೆ. ಅಷ್ಟು ದೂರ ಹೋಗಲಾರದವರಿಗೆ ನಮ್ಮ ಹಳಿಯಾಳದಲ್ಲಿಯೇ ಕೆನರಾ ಬ್ಯಾಂಕ್ ದೇಶಪಾಂಡೆ ಸ್ವಉದ್ಯೋಗ ತರಬೇತಿ ಸಂಸ್ಥೆಯಿದೆ. ಇಂಥ ಕಡೆ ಕಸುಬಿನೊಂದಿಗೆ ಲೆಕ್ಕ ಬರೆಯುವುದನ್ನೂ ಬ್ಯಾಂಕಿನವರೊಡನೆ ಮಾತಾಡುವುದನ್ನೂ ಕಲಿಯಬಹುದು. ನಮ್ಮ ಅನುಭವದಲ್ಲಿ ಹುಡುಗಿಯರು ಹಿಂಜರಿಯುವುದು ಕಸುಬಿಗಲ್ಲ, ಆ ಮೇಜಿನ ಎದುರಿನ ಮಾತಿಗೆ.

ಶ್ಯಾವಿಗೆಯ ಆ ನಮ್ಮ ವಿದ್ಯಾರ್ಥಿನಿಯು ಎರಡನೆಯ ಸಲ ಬೇರೆಡೆ ಅರ್ಜಿ ಕೊಟ್ಟಾಗ, ಅವಳ ತಂದೆಯೇ ಜೊತೆಗೆ ಬಂದು, ತಮ್ಮ ಹೊಲದ ಒಂದು ಚೂರನ್ನು ಅವಳ ಹೆಸರಿಗೆ ಬರೆದ ಕಾಗದವನ್ನು ಮೇಜಿನ ಮೇಲಿಟ್ಟರೆಂದು ತಿಳಿಸಿದ್ದಾಳೆ. ಯಂತ್ರವು ಬಂದಿದೆ, ಇಬ್ಬರು ಹೆಂಗಸರಿಗೆ ಕೂಲಿ ಕೊಡುತ್ತಾಳೆ. ಮಳೆಗಾಲದಲ್ಲಿ ಶ್ಯಾವಿಗೆ ಒಣಗದಿರುವುದೇ ಈಗ ಅವಳ ದೊಡ್ಡ ಚಿಂತೆ. ಸ್ವಂತ ವ್ಯವಹಾರವನ್ನು ನಡೆಸುತ್ತಿರುವ ಇತರ ಪೂರ್ವವಿದ್ಯಾರ್ಥಿನಿಯರು, ಅದು ಎಷ್ಟೇ ಚಿಕ್ಕದಾಗಿರಲಿ, ಮೊದಲ ಹಣ ಎಲ್ಲಿಂದ ಬಂತು, ಯಾರ ರುಜು ಕೇಳಿದರು, ಮೊದಲ ಗಿರಾಕಿ ಯಾರು ಎಂಬ ಮೂರು ಸಂಗತಿಗಳನ್ನು ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಬೇಕೆಂದು ಕೋರುತ್ತೇವೆ. ಜೂನ್ ತಿಂಗಳಲ್ಲಿ ಮಕ್ಕಳನ್ನು ಸೇರಿಸಲು ಬರುವವರ ಮುಂದೆ ಅವನ್ನು ಓದಿ ಹೇಳುವ ಇಚ್ಛೆಯು ನಮಗಿದೆ. ಸಾಂಬ್ರಾಣಿಯ ಆ ರೈತರ ಕಿರಿಯ ಮಗಳು ಈ ವರ್ಷ ಎಂಟನೆಯ ತರಗತಿಗೆ ಬರುವಳು.